ಹಾಸಿಗೆಯೇ ಬಲಿಪೀಠವಾದಾಗ: ಸ್ಕೀಡಾಮಿನ ಸಂತ ಲಿಡ್ವಿನಾ

ಪ್ರತಿ ತಿಂಗಳ ಮೊದಲ ಶುಕ್ರವಾರ ನಮ್ಮ ಧರ್ಮಕೇಂದ್ರಗಳ ಗುರುಗಳು ಪರಮಪ್ರಸಾದವನ್ನು ಹೊತ್ತು, ದೇವಾಲಯಕ್ಕೆ ಬರಲಾರದ ವ್ಯಾಧಿಸ್ಥರ ಮನೆಗಳಿಗೆ ಹೋಗುವ ಪದ್ಧತಿಯುಂಟು. ಆ ಮನೆಗಳಲ್ಲಿ ಹಾಸಿಗೆ ಹಿಡಿದವರೆಲ್ಲರೂ ವಯೋವೃದ್ಧರಲ್ಲ. ಕೆಲವೆಡೆ ಮೂವತ್ತು ದಾಟದ ಹೆಣ್ಣುಮಗಳೊಬ್ಬಳು ಕಿಟಕಿಯ ಬಳಿ ಕುಳಿತಿರುತ್ತಾಳೆ. ಮುಖದಲ್ಲಿ ಕಳೆಯಿದೆ, ಮಾತಿನಲ್ಲಿ ನಗುವಿದೆ. ಆದರೆ ಎದ್ದು ನಾಲ್ಕು ಹೆಜ್ಜೆ ನಡೆಯಲು ಗೋಡೆಯ ಆಸರೆ ಬೇಕು. ನೆರೆಹೊರೆಯವರಿಗೆ ಆಕೆಯ ಕಾಯಿಲೆ ಏನೆಂಬುದೇ ಅರ್ಥವಾಗುವುದಿಲ್ಲ. ಕೆಲವರು ಸೋಮಾರಿತನವೆನ್ನುತ್ತಾರೆ, ಕೆಲವರು ಮನಸ್ಸಿನ ಭ್ರಮೆಯೆನ್ನುತ್ತಾರೆ, ಮತ್ತೆ ಕೆಲವರು ಯಾರದೋ ಪಾಪದ ಫಲವೆಂದು ಪಿಸುಗುಟ್ಟುತ್ತಾರೆ.

ಇಂತಹ ಮಾತುಗಳನ್ನೆಲ್ಲ ಆರು ಶತಮಾನಗಳ ಹಿಂದೆಯೇ ಕೇಳಿಸಿಕೊಂಡ ಯುವತಿಯೊಬ್ಬಳು ನಮ್ಮ ಪವಿತ್ರ ಸಭೆಯ ಸಂತರ ಪಟ್ಟಿಯಲ್ಲಿದ್ದಾಳೆ. ಆಕೆಯೇ ಹಾಲೆಂಡಿನ ಸ್ಕೀಡಾಮ್ ಪಟ್ಟಣದ ಸಂತ ಲಿಡ್ವಿನಾ. ದೀರ್ಘಕಾಲದ ರೋಗಿಗಳ ಪಾಲಕ ಸಂತಳೆಂದು ಆಕೆಯನ್ನು ಗೌರವಿಸಲಾಗುತ್ತದೆ. ಏಪ್ರಿಲ್ 14 ಆಕೆಯ ಸ್ಮರಣೆಯ ದಿನ. ಇಂದು ವೈದ್ಯರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಕರೆಯುವ ನರರೋಗದ ಅತಿ ಪ್ರಾಚೀನ ದಾಖಲೆ ಬಹುಶಃ ಈಕೆಯ ಜೀವನ ಚರಿತ್ರೆಯೇ ಇರಬಹುದೆಂದು ವೈದ್ಯಕೀಯ ಇತಿಹಾಸವನ್ನು ಬಲ್ಲ ಕೆಲವರು ಅಭಿಪ್ರಾಯಪಡುತ್ತಾರೆ. ಆದ್ದರಿಂದ ಈ ಸಂತಳ ಬಾಳನ್ನು ಅರಿಯುವುದು ಆ ರೋಗದಿಂದ ನರಳುವವರ ಬಾಳನ್ನು ಅರಿಯುವುದಕ್ಕೂ ದಾರಿಯಾದೀತು.

ಬಡ ಕುಟುಂಬದ ಏಕೈಕ ಪುತ್ರಿ

ಲಿಡ್ವಿನಾ ಹುಟ್ಟಿದ್ದು 1380ನೆಯ ಇಸವಿಯ ಮಾರ್ಚ್ 18ರಂದು. ಅಂದು ಗರಿಗಳ ಭಾನುವಾರ. ತಂದೆಯ ಹೆಸರು ಪೀಟರ್, ತಾಯಿ ಪೆಟ್ರೊನೆಲ್ಲಾ. ತಂದೆಯ ವಂಶ ಒಂದು ಕಾಲದಲ್ಲಿ ಉನ್ನತವಾಗಿತ್ತೆಂದು ಹೇಳುವರಾದರೂ ಅವರ ಕಾಲಕ್ಕೆ ಮನೆಯಲ್ಲಿ ಉಳಿದಿದ್ದುದು ಬಡತನವೊಂದೇ. ಒಂಬತ್ತು ಮಕ್ಕಳಲ್ಲಿ ಎಂಟು ಮಂದಿ ಗಂಡುಮಕ್ಕಳು; ಲಿಡ್ವಿನಾ ಒಬ್ಬಳೇ ಹೆಣ್ಣುಮಗಳು. ಆಕೆಯ ಹೆಸರಿನಲ್ಲಿ ಅವರ ಭಾಷೆಯ ಯಾತನೆ ಎಂಬರ್ಥದ ಪದದ ಧ್ವನಿಯಿದೆಯೆಂದು ಹಳೆಯ ಚರಿತ್ರಕಾರರು ಗುರುತಿಸಿದ್ದಾರೆ. ಆದರೆ ತೊಟ್ಟಿಲಲ್ಲಿದ್ದ ಕೂಸಿನ ಮುಂದೆ ಏನು ಕಾದಿದೆಯೆಂಬುದನ್ನು ಆ ತಂದೆತಾಯಿ ಹೇಗೆ ತಾನೇ ಬಲ್ಲರು?

ಅದು ಯೂರೋಪಿನ ಪಾಲಿಗೆ ಕಷ್ಟದ ಕಾಲ. 1378ರಲ್ಲಿ ಆರಂಭವಾದ ಮಹಾ ಒಡಕಿನಿಂದಾಗಿ ಜಗದ್ಗುರುಗಳೆಂದು ಹೇಳಿಕೊಳ್ಳುವವರು ಇಬ್ಬರಾಗಿ, ಮುಂದೆ ಮೂವರೂ ಆಗಿ, ಭಕ್ತಜನರು ದಿಕ್ಕುಗಾಣದೆ ಕಳವಳಗೊಂಡಿದ್ದರು. 1417ರವರೆಗೂ ಆ ಗಾಯ ಮಾಯಲಿಲ್ಲ. ಪ್ಲೇಗು ಆಗಾಗ ಮರುಕಳಿಸುತ್ತಿತ್ತು. ಹಾಲೆಂಡಿನ ಪಟ್ಟಣಗಳಲ್ಲಿ ಒಳಜಗಳಗಳು ರಕ್ತಪಾತಕ್ಕೆ ತಿರುಗುತ್ತಿದ್ದವು. ಇಂತಹ ದಿನಗಳಲ್ಲಿ, ಕಡಲಿಗೂ ನದಿಗೂ ಹತ್ತಿರದ ಪುಟ್ಟ ಪಟ್ಟಣವೊಂದರಲ್ಲಿ ಈ ಬಾಲಕಿ ಬೆಳೆದಳು.

ಸ್ಕೀಡಾಮಿನ ದೇವಾಲಯದಲ್ಲಿ ಮಾತೆ ಮರಿಯಮ್ಮನವರ ಪ್ರತಿಮೆಯೊಂದಿತ್ತು. ಪವಾಡಗಳಿಗೆ ಹೆಸರಾದ ಆ ಪ್ರತಿಮೆಯೆಂದರೆ ಲಿಡ್ವಿನಾಳಿಗೆ ಪ್ರಾಣ. ಶಾಲೆಗೆ ಹೋದ ಅಣ್ಣತಮ್ಮಂದಿರಿಗೆ ಬುತ್ತಿ ಕೊಟ್ಟು ಬಾ ಎಂದು ತಾಯಿ ಕಳುಹಿಸಿದರೆ, ಹಿಂದಿರುಗುವಾಗ ದೇವಾಲಯದೊಳಗೆ ಹೊಕ್ಕು ಪ್ರತಿಮೆಯ ಮುಂದೆ ಮೈಮರೆತು ನಿಲ್ಲುತ್ತಿದ್ದಳು. ತಡವಾಗಿ ಬಂದುದಕ್ಕೆ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದಳು. ಬೆಳೆದಂತೆ ಆಕೆ ರೂಪವತಿಯಾದಳು. ಹನ್ನೆರಡು ವರ್ಷವಾಗುವಷ್ಟರಲ್ಲಿ ಒಳ್ಳೆಯ ಸಂಬಂಧಗಳು ಬರತೊಡಗಿದವು. ಬಡವನಾದ ತಂದೆಗೆ ಸಂತೋಷ. ಆದರೆ ಮಗಳು ತನ್ನ ಬಾಳನ್ನು ದೇವರಿಗೇ ಮೀಸಲಿಡುವುದಾಗಿ ಪಟ್ಟುಹಿಡಿದಳು. ತಾಯಿ ಮಗಳ ಪರವಾಗಿ ನಿಂತಳು. ಆ ಮಾತು ಅಲ್ಲಿಗೆ ನಿಂತಿತು.

ಮಂಜುಗಡ್ಡೆಯ ಮೇಲಿನ ಆ ಒಂದು ಕ್ಷಣ

1395ನೆಯ ಇಸವಿಯ ಚಳಿಗಾಲ. ಕಾಲುವೆಗಳೆಲ್ಲ ಹೆಪ್ಪುಗಟ್ಟಿದ್ದವು. ಲಿಡ್ವಿನಾಳಿಗೆ ಆಗ ಹದಿನೈದು ವರ್ಷ. ಅದಕ್ಕೆ ಸ್ವಲ್ಪ ಮುಂಚೆ ಆಕೆ ಕಾಯಿಲೆ ಬಿದ್ದು ಚೇತರಿಸಿಕೊಂಡಿದ್ದಳು. ಗೆಳತಿಯರು ಬಂದು, ಮಂಜುಗಡ್ಡೆಯ ಮೇಲೆ ಜಾರಾಟವಾಡಲು ಕರೆದರು. ಆ ನಾಡಿನಲ್ಲಿ ಚಳಿಗಾಲದ ಮಾಮೂಲು ಆಟ ಅದು. ಲಿಡ್ವಿನಾ ಹೋದಳು. ವೇಗವಾಗಿ ಜಾರಿ ಬಂದ ಗೆಳತಿಯೊಬ್ಬಳು ಆಕೆಗೆ ಡಿಕ್ಕಿ ಹೊಡೆದಳು. ಲಿಡ್ವಿನಾ ಗಡ್ಡೆಕಟ್ಟಿದ ಹಿಮದ ಮೇಲೆ ರಭಸದಿಂದ ಬಿದ್ದಳು. ಬಲಭಾಗದ ಪಕ್ಕೆಲುಬೊಂದು ಮುರಿಯಿತು.

ಮುರಿದ ಮೂಳೆ ಕೆಲವು ವಾರಗಳಲ್ಲಿ ಕೂಡಿಕೊಳ್ಳಬೇಕಿತ್ತು. ಹಾಗಾಗಲಿಲ್ಲ. ಗಾಯವಾದ ಕಡೆ ಬಾವು ಎದ್ದಿತು. ಅನೇಕ ವೈದ್ಯರು ಬಂದರು, ಔಷಧಗಳನ್ನು ಕೊಟ್ಟರು. ಬಡ ಕುಟುಂಬದ ಕೈಯಲ್ಲಿದ್ದ ಅಲ್ಪಸ್ವಲ್ಪ ಹಣವೂ ಕರಗಿತು. ನೋವು ತಾಳಲಾರದೆ ಆಕೆ ಒಂದು ಹಾಸಿಗೆಯಿಂದ ಮತ್ತೊಂದಕ್ಕೆ ಬದಲಿಸಿ ಮಲಗುತ್ತಿದ್ದಳು. ಒಂದು ದಿನ ತಂದೆ ಬಳಿಯಲ್ಲಿ ಕುಳಿತು ಕಣ್ಣೀರಿಡುತ್ತಿದ್ದಾಗ, ನೋವಿನ ಭರದಲ್ಲಿ ಮಗಳು ಹಾಸಿಗೆಯಿಂದ ನೆಗೆದು ಆತನ ಮಡಿಲಿಗೆ ಬಿದ್ದಳಂತೆ. ಆಗ ಒಳಗಿನ ಬಾವು ಒಡೆಯಿತೆಂದು ಚರಿತ್ರೆಗಳು ಹೇಳುತ್ತವೆ.

ಅಲ್ಲಿಂದ ಮುಂದೆ ಆರಂಭವಾದುದು ಬಿದ್ದ ಪೆಟ್ಟಿನಿಂದ ಮಾತ್ರ ವಿವರಿಸಲಾಗದ ಕಾಯಿಲೆ. ಕಾಲುಗಳ ಬಲ ಮೆಲ್ಲಮೆಲ್ಲನೆ ಕುಂದಿತು. ಮೊದಲ ವರ್ಷಗಳಲ್ಲಿ ಆಕೆ ಗೋಡೆಯನ್ನೂ ಮನೆಯ ಸಾಮಾನುಗಳನ್ನೂ ಹಿಡಿದು ಕಷ್ಟಪಟ್ಟು ಓಡಾಡುತ್ತಿದ್ದಳು. ಆಮೇಲೆ ನೆಲದ ಮೇಲೆ ತೆವಳಿದಳು. ಹತ್ತೊಂಬತ್ತರ ವಯಸ್ಸಿಗೆ ಎರಡೂ ಕಾಲುಗಳು ಸ್ವಾಧೀನ ತಪ್ಪಿದವು, ದೃಷ್ಟಿಯೂ ಮಂದವಾಗತೊಡಗಿತು. ತಲೆನೋವು ಮತ್ತು ಹಲ್ಲುನೋವಿನಂತಹ ಮುಖದ ತೀಕ್ಷ್ಣ ವೇದನೆ ದಿನಗಟ್ಟಲೆ ಕಾಡಿದವು. ಕಾಲಕ್ರಮದಲ್ಲಿ ಬಲಗೈ ನಿಶ್ಚಲವಾಗಿ, ಎಡಗೈ ಮತ್ತು ತಲೆಯನ್ನು ಮಾತ್ರ ಅಲುಗಾಡಿಸಲು ಸಾಧ್ಯವಾಯಿತು. ಒಂದು ಕಣ್ಣು ಕುರುಡಾಯಿತು. ಇನ್ನೊಂದು ಬೆಳಕನ್ನು ಸಹಿಸದಾದುದರಿಂದ ಕೋಣೆಯನ್ನು ಕತ್ತಲಾಗಿರಿಸಬೇಕಾಯಿತು. ನುಂಗುವುದೂ ಕಷ್ಟವಾಯಿತು. ಮೈಮೇಲೆ ಹುಣ್ಣುಗಳೆದ್ದವು. ನಡುನಡುವೆ ಕೆಲಕಾಲ ಕಾಯಿಲೆ ತುಸು ಸಡಿಲಗೊಂಡಂತೆ ಕಂಡು, ಮತ್ತೆ ಮರುಕಳಿಸುತ್ತಿತ್ತು. ಹೀಗೆ ಕಳೆದವು 38 ವರ್ಷಗಳು. ಬೆತ್ಸಥ ಕೊಳದ ಬಳಿ ಯೇಸುಸ್ವಾಮಿ ಗುಣಪಡಿಸಿದ ಆ ರೋಗಿಯೂ 38 ವರ್ಷಗಳಿಂದ ನರಳುತ್ತಿದ್ದನೆಂದು ಶುಭಸಂದೇಶದಲ್ಲಿ ಓದುತ್ತೇವೆ. ಆತ ಹಾಸಿಗೆಯನ್ನು ಎತ್ತಿಕೊಂಡು ನಡೆದುಹೋದ. ಲಿಡ್ವಿನಾಳಿಗೆ ಆ ಭಾಗ್ಯ ಈ ಲೋಕದಲ್ಲಿ ದೊರೆಯಲಿಲ್ಲ.

ಕಣ್ಣೀರಿನ ವರ್ಷಗಳು

ಸಂತರೆಂದರೆ ಮೊದಲ ದಿನದಿಂದಲೇ ನಗುನಗುತ್ತ ಶಿಲುಬೆಯನ್ನು ಹೊತ್ತವರು ಎಂಬ ಭಾವನೆ ನಮ್ಮಲ್ಲಿದೆ. ಲಿಡ್ವಿನಾಳ ಚರಿತ್ರೆ ಈ ಭಾವನೆಯನ್ನು ತಿದ್ದುತ್ತದೆ. ಕಾಯಿಲೆಯ ಆರಂಭದ ವರ್ಷಗಳಲ್ಲಿ ಆಕೆ ಹಗಲಿರುಳೂ ಅತ್ತಳು. ಹೊರಗೆ ಗೆಳತಿಯರು ನಗುತ್ತ ಆಡುವ ಸದ್ದು ಕೇಳಿಸಿದರೆ ಆಕೆಯ ದುಃಖ ಇಮ್ಮಡಿಯಾಗುತ್ತಿತ್ತು. ಯಾರು ಸಮಾಧಾನ ಹೇಳಿದರೂ ಒಪ್ಪುತ್ತಿರಲಿಲ್ಲ. ತನಗೇ ಏಕೆ ಈ ಗತಿ ಎಂಬ ಪ್ರಶ್ನೆಗೆ ಉತ್ತರ ಕಾಣದೆ ಆಕೆಯ ಎಳೆಯ ಮನಸ್ಸು ದೇವರ ಮೇಲೂ ಮುನಿಸಿಕೊಂಡಿತು. ಹದಿನಾರು ಹದಿನೇಳರ ಹುಡುಗಿಯೊಬ್ಬಳಿಂದ ಬೇರೇನನ್ನು ತಾನೇ ನಿರೀಕ್ಷಿಸಲಾದೀತು?

ಆಗ ಆಕೆಯ ನೆರವಿಗೆ ಬಂದವರು ಯಾನ್ ಪಾಟ್ ಎಂಬ ಗುರುಗಳು. ಅವರು ಪರಮಪ್ರಸಾದವನ್ನು ತರುತ್ತಿದ್ದರು, ಹತ್ತಿರ ಕುಳಿತು ಆಕೆಯ ಅಳಲನ್ನು ಕೇಳುತ್ತಿದ್ದರು. ಯೇಸುಸ್ವಾಮಿಯ ಯಾತನೆಯನ್ನು ದಿನದಿನವೂ ಧ್ಯಾನಿಸುವಂತೆ ಅವರು ಸಲಹೆ ಮಾಡಿದರು. ಲಿಡ್ವಿನಾ ಪ್ರಯತ್ನಿಸಿದಳು, ರುಚಿಸಲಿಲ್ಲ. ಸ್ವಂತ ನೋವಿನ ಅಬ್ಬರದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಗುರುಗಳು ಬೇಸರಪಡದೆ ಮತ್ತೆ ಮತ್ತೆ ಬಂದರು. ಆಕೆಯೂ ಮತ್ತೆ ಮತ್ತೆ ಯತ್ನಿಸಿದಳು. ಒಂದೆರಡು ದಿನಗಳಲ್ಲಿ ಆದ ಬದಲಾವಣೆ ಇದಲ್ಲ. ಇದಕ್ಕೆ ವರ್ಷಗಳೇ ಹಿಡಿದವು. ಕ್ರಮೇಣ ತಾನು ಒಬ್ಬಂಟಿಯಾಗಿ ನರಳುತ್ತಿಲ್ಲ, ಶಿಲುಬೆಯ ಮೇಲಿರುವಾತ ತನ್ನ ಪಕ್ಕದಲ್ಲೇ ಇದ್ದಾನೆ ಎಂಬ ಅರಿವು ಆಕೆಯಲ್ಲಿ ಬೇರೂರಿತು. ತನ್ನ ಯಾತನೆಯನ್ನು ಕ್ರಿಸ್ತನ ಯಾತನೆಯೊಡನೆ ಸೇರಿಸಿ, ಒಡೆದುಹೋಗಿದ್ದ ಧರ್ಮಸಭೆಗಾಗಿಯೂ ಪಾಪಿಗಳಿಗಾಗಿಯೂ ಆಕೆ ಅರ್ಪಿಸತೊಡಗಿದಳು. ಅಂದಿನಿಂದ ಆ ಹಾಸಿಗೆ ಆಕೆಯ ಬಲಿಪೀಠವಾಯಿತು.

ಕೋಣೆಗೆ ಬಂದ ಕಾಣಿಕೆಗಳನ್ನು ಆಕೆ ತನ್ನ ಬಳಿ ಇಟ್ಟುಕೊಳ್ಳುತ್ತಿರಲಿಲ್ಲ. ಹುಲ್ಲಿನ ಹಾಸಿಗೆಯ ಮೇಲೆ ಮಲಗಿದ್ದುಕೊಂಡೇ ಊರಿನ ಬಡವರ ಲೆಕ್ಕವಿಟ್ಟಳು. ಯಾರ ಮನೆಯಲ್ಲಿ ಒಲೆ ಉರಿದಿಲ್ಲ, ಯಾವ ಬಾಣಂತಿಗೆ ಬಟ್ಟೆಯಿಲ್ಲ ಎಂಬುದು ಆಕೆಗೆ ತಿಳಿದಿರುತ್ತಿತ್ತು. ದುಃಖಿತರು ಆಕೆಯ ಕೋಣೆಗೆ ಬಂದು ಮಾತಾಡಿ ಹಗುರವಾದ ಮನಸ್ಸಿನಿಂದ ಹಿಂದಿರುಗುತ್ತಿದ್ದರು. ಆಕೆಗೆ ದೇವದರ್ಶನಗಳಾಗುತ್ತಿದ್ದವೆಂದೂ ಆಕೆಯ ಬಳಿ ಪವಾಡಗಳು ನಡೆದವೆಂದೂ ಆ ಕಾಲದ ಚರಿತ್ರಕಾರರು ವಿಸ್ತಾರವಾಗಿ ಬರೆದಿದ್ದಾರೆ.

ಅನುಮಾನದ ಶೂಲ

ರೋಗದ ನೋವಿಗಿಂತ ಜನರ ಅನುಮಾನ ಆಕೆಯನ್ನು ಹೆಚ್ಚು ನೋಯಿಸಿರಬೇಕು. ಈಕೆಯ ಕಾಯಿಲೆ ಪಿಶಾಚಿಯ ಕೆಲಸವೆಂದು ಕೆಲವರು ಆಡಿಕೊಂಡರು. ಆಂಡ್ರೀಸ್ ಎಂಬ ಧರ್ಮಕೇಂದ್ರದ ಗುರುವೇ ಆಕೆಯನ್ನು ನಂಬದೆ, ಪರೀಕ್ಷಿಸುವುದಕ್ಕಾಗಿ ಅಭಿಷಿಕ್ತವಲ್ಲದ ರೊಟ್ಟಿಯನ್ನು ಪರಮಪ್ರಸಾದವೆಂದು ತಂದುಕೊಟ್ಟನು. ಆಕೆ ಒಡನೆ ಅದನ್ನು ಗುರುತಿಸಿದಳೆಂದು ಚರಿತ್ರೆ ಹೇಳುತ್ತದೆ. ಊರಿನಲ್ಲಿ ಗದ್ದಲವೆದ್ದಿತು.

ಮುಂದೆ 1421ರ ಸೆಪ್ಟೆಂಬರ್ 12ರಂದು ಸ್ಕೀಡಾಮಿನ ಪಟ್ಟಣಾಧಿಕಾರಿಗಳು ಆಕೆಯ ಸ್ಥಿತಿಯನ್ನು ಕುರಿತು ಅಧಿಕೃತ ಪತ್ರವೊಂದನ್ನು ಬರೆಯಿಸಿದರು. ಆಕೆಯ ದೇಹಸ್ಥಿತಿಯನ್ನೂ, ಬಹುಕಾಲದಿಂದ ಆಕೆ ಆಹಾರ ಸೇವಿಸದಿರುವುದನ್ನೂ ಅದರಲ್ಲಿ ದಾಖಲಿಸಲಾಯಿತು. ಅಂದಿನ ಜನರ ನಂಬಿಕೆಯೂ ವಿಸ್ಮಯವೂ ಈ ಪತ್ರದಲ್ಲಿ ಬೆರೆತಿವೆ. ರೋಗಿಗಳು ಉಪವಾಸವಿರಬೇಕೆಂಬ ಪಾಠವನ್ನು ಅದರಿಂದ ಯಾರೂ ತೆಗೆದುಕೊಳ್ಳಬಾರದು. ನುಂಗಲಾಗದ ಕಷ್ಟವೂ ಆಕೆಯ ರೋಗದ ಒಂದು ಭಾಗವಾಗಿತ್ತೆಂಬುದನ್ನು ಮರೆಯಬಾರದು.

ಲಿಡ್ವಿನಾ ವೈದ್ಯರನ್ನು ದೂರವಿಟ್ಟವಳಲ್ಲ. ಆ ಕಾಲದ ಹೆಸರಾಂತ ವೈದ್ಯ ಗಾಡ್ಫ್ರೀಡ್ ಸೋಂಡರ್ಡಾಂಕ್ ಬಂದು ಆಕೆಯನ್ನು ಪರೀಕ್ಷಿಸಿದನು, ಚಿಕಿತ್ಸೆಯನ್ನೂ ಮಾಡಿದನು. ಇದನ್ನು ಗುಣಪಡಿಸುವುದು ಮಾನವನ ವಿದ್ಯೆಗೆ ಮೀರಿದ್ದು ಎಂದು ಕಡೆಗೆ ಅವನು ಒಪ್ಪಿಕೊಂಡನು. ಗುಣಪಡಿಸಲಾಗದಿದ್ದರೂ ರೋಗಿಯನ್ನು ಕೈಬಿಡದ ಆ ವೈದ್ಯನ ಹೆಸರು ಸಂತಳ ಹೆಸರಿನೊಂದಿಗೆ ಉಳಿದುಕೊಂಡಿದೆ.

ಆಕೆಯನ್ನು ಆರೈಕೆ ಮಾಡಿದವರನ್ನೂ ನೆನೆಯಬೇಕು. ತಾಯಿ ತೀರಿಕೊಂಡ ಮೇಲೆ ಅಣ್ಣನ ಮಗಳು ಪೆಟ್ರೊನಿಲ್ಲಾ ಎಂಬ ಹುಡುಗಿ ಅತ್ತೆಯ ಸೇವೆಗೆ ನಿಂತಳು. ಬರ್ಗಂಡಿಯ ಸೈನಿಕರು ಪಟ್ಟಣಕ್ಕೆ ಬಂದಾಗ, ಅವರಲ್ಲಿ ಕೆಲವರು ಕುಡಿದ ಅಮಲಿನಲ್ಲಿ ರೋಗಿಯ ಕೋಣೆಗೆ ನುಗ್ಗಿ, ಅಲುಗಾಡಲೂ ಆಗದ ಲಿಡ್ವಿನಾಳನ್ನು ಅವಮಾನಿಸಿ ಹಿಂಸಿಸಿದರು. ಅತ್ತೆಯನ್ನು ಕಾಪಾಡಲು ಅಡ್ಡ ಬಂದ ಪೆಟ್ರೊನಿಲ್ಲಾ ಗಾಯಗೊಂಡಳು. ಮುಂದೆ ಆ ಹುಡುಗಿ ಅತ್ತೆಗಿಂತ ಮುಂಚೆಯೇ ಕಣ್ಣುಮುಚ್ಚಿದಳು. ಅದು ಲಿಡ್ವಿನಾಳನ್ನು ಬಹುವಾಗಿ ಕಾಡಿದ ದುಃಖ.

ಗುಲಾಬಿ ಅರಳಿದ ವಸಂತ

ಗುಲಾಬಿ ಗಿಡವೊಂದು ಪೂರ್ತಿಯಾಗಿ ಅರಳಿದ ದಿನ ತನ್ನ ಯಾತನೆ ಮುಗಿಯುವುದೆಂದು ದರ್ಶನವೊಂದರಲ್ಲಿ ಆಕೆಗೆ ತಿಳಿದಿತ್ತಂತೆ. 1433ರ ವಸಂತದಲ್ಲಿ ಆ ಗಿಡ ಅರಳಿ ನಿಂತುದನ್ನು ಆಕೆ ಮನಸ್ಸಿನ ಕಣ್ಣಿನಿಂದ ಕಂಡಳು. ಆ ವರ್ಷ ಪಾಸ್ಖ ಹಬ್ಬ ಏಪ್ರಿಲ್ 12ರಂದು ಬಂದಿತ್ತು. ಎರಡು ದಿನಗಳ ಬಳಿಕ, ಮಂಗಳವಾರ 14ರಂದು, ಲಿಡ್ವಿನಾ ಒಂಟಿಯಾಗಿರಬೇಕೆಂದು ಬಯಸಿ ಎಲ್ಲರನ್ನೂ ಹೊರಗೆ ಕಳುಹಿಸಿದಳು. ಬಳಿಯಲ್ಲಿ ಉಳಿದವನು ಬಂಧುವಾದ ಬಾಲ್ಡ್ವಿನ್ ಎಂಬ ಬಾಲಕನೊಬ್ಬನೇ. ಆಕೆಯ ನೋವು ಉಲ್ಬಣಿಸಿದುದನ್ನು ಕಂಡ ಬಾಲಕ ಪಾಪನಿವೇದನೆಯ ಗುರುವನ್ನು ಕರೆತರಲು ಓಡಿದನು. ಗುರುಗಳು ಬರುವಷ್ಟರಲ್ಲಿ ಆಕೆ ದೇವರ ಸನ್ನಿಧಿಯನ್ನು ಸೇರಿದ್ದಳು. ಆಗ ಆಕೆಗೆ 53 ವರ್ಷ.

ಆಕೆಯ ಸಮಾಧಿ ಕೂಡಲೇ ಯಾತ್ರಾಸ್ಥಳವಾಯಿತು. 1434ರಲ್ಲಿಯೇ ಅದರ ಮೇಲೆ ಪ್ರಾರ್ಥನಾಲಯವೊಂದು ಎದ್ದಿತು. ವೈದ್ಯ ಸೋಂಡರ್ಡಾಂಕನ ಮಗನು ಆಕೆಯ ಮನೆಯಿದ್ದ ಜಾಗದಲ್ಲಿ ಬಡರೋಗಿಗಳಿಗಾಗಿ ಆಸ್ಪತ್ರೆಯನ್ನು ಕಟ್ಟಿಸಿದನೆಂದು ಹಳೆಯ ಚರಿತ್ರೆಗಳು ತಿಳಿಸುತ್ತವೆ. ಆಕೆಯ ಜೀವನವನ್ನು ಬರೆದವರಲ್ಲಿ ಫ್ರಾನ್ಸಿಸ್ಕನ್ ಸಭೆಯ ಯಾನ್ ಬ್ರೂಗ್ಮನ್ ಒಬ್ಬರು. ನಮ್ಮ ಅನೇಕ ಮನೆಗಳಲ್ಲಿ ಓದುವ ಕ್ರಿಸ್ತಾನುಕರಣೆಯ ಕರ್ತೃ ಥಾಮಸ್ ಆ ಕೆಂಪಿಸ್ ಮತ್ತೊಬ್ಬರು. ಥಾಮಸರು ಆಕೆಯ ಸಮವಯಸ್ಕರೇ. 1498ರಲ್ಲಿ ಸ್ಕೀಡಾಮಿನಲ್ಲಿ ಅಚ್ಚಾದ ಬ್ರೂಗ್ಮನ್ನರ ಗ್ರಂಥದಲ್ಲಿ ಲಿಡ್ವಿನಾ ಮಂಜುಗಡ್ಡೆಯ ಮೇಲೆ ಬಿದ್ದಿರುವ ಮರದಚ್ಚಿನ ಚಿತ್ರವೊಂದಿದೆ. ಆ ನಾಡಿನ ಮಂಜುಜಾರಾಟಗಾರರು ಇಂದಿಗೂ ಆಕೆಯನ್ನು ತಮ್ಮ ಪಾಲಕ ಸಂತಳೆಂದು ಭಾವಿಸುತ್ತಾರೆ. ಆಕೆಯ ಪವಿತ್ರ ಅವಶೇಷಗಳನ್ನು 1615ರಲ್ಲಿ ಬ್ರಸೆಲ್ಸ್ ನಗರಕ್ಕೆ ಒಯ್ಯಲಾಯಿತು. 1871ರಲ್ಲಿ ಅವು ಸ್ಕೀಡಾಮಿಗೆ ಮರಳಿದವು. 1890ರ ಮಾರ್ಚ್ 14ರಂದು ಜಗದ್ಗುರು ಹದಿಮೂರನೆಯ ಲಿಯೋರವರು ಶತಮಾನಗಳಿಂದ ನಡೆದು ಬಂದಿದ್ದ ಈ ಭಕ್ತಿಗೆ ಧರ್ಮಸಭೆಯ ಅಧಿಕೃತ ಮುದ್ರೆಯನ್ನೊತ್ತಿದರು.

ವೈದ್ಯಶಾಸ್ತ್ರ ಹೇಳುವುದೇನು?

1979ರಲ್ಲಿ ಮೆಡರ್ ಎಂಬ ನರರೋಗ ತಜ್ಞರು ಲಿಡ್ವಿನಾಳನ್ನು ಕುರಿತ ಹಳೆಯ ಬರಹಗಳನ್ನು ಪರಿಶೀಲಿಸಿ, ಆಕೆಯ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಆಗಿದ್ದಿರಬಹುದೆಂದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಹರೆಯದಲ್ಲಿ ಆರಂಭ, ನಡಿಗೆಯ ತೊಂದರೆ, ದೃಷ್ಟಿದೋಷ, ಮುಖದ ತೀವ್ರ ವೇದನೆ, ನುಂಗುವ ಕಷ್ಟ, ನಡುವೆ ಸಡಿಲಗೊಂಡು ಮತ್ತೆ ಮರುಕಳಿಸುತ್ತ ಹಲವು ದಶಕಗಳ ಕಾಲ ಮುಂದುವರಿದುದು, ಇವೆಲ್ಲವೂ ಆ ರೋಗದ ಚಹರೆಗೆ ಹೊಂದುತ್ತವೆ. ಮೈಮೇಲಿನ ಹುಣ್ಣುಗಳು ಆ ರೋಗದ ನೇರ ಲಕ್ಷಣಗಳಲ್ಲವಾದರೂ, ಅಲುಗಾಡದೆ ವರ್ಷಗಟ್ಟಲೆ ಮಲಗಿದವರಿಗೆ ಹಾಸಿಗೆ ಹುಣ್ಣುಗಳಾಗುವುದು ಸಹಜ. ಆರು ಶತಮಾನಗಳ ಹಿಂದಿನ ರೋಗಿಯ ಬಗ್ಗೆ ಖಚಿತ ತೀರ್ಪು ಸಾಧ್ಯವಿಲ್ಲ. ಈ ಅಭಿಪ್ರಾಯವನ್ನು ಒಪ್ಪದ ವೈದ್ಯರೂ ಇದ್ದಾರೆ. ಆದರೂ ಆ ರೋಗದಿಂದ ನರಳುವವರು ಲಿಡ್ವಿನಾಳಲ್ಲಿ ತಮ್ಮನ್ನೇ ಕಾಣುತ್ತಾರೆ.

ಈ ರೋಗಕ್ಕೆ ಸ್ಪಷ್ಟ ರೂಪರೇಖೆಯನ್ನು ಕೊಟ್ಟವರು ಪ್ಯಾರಿಸಿನ ವೈದ್ಯ ಜೀನ್ ಮಾರ್ಟಿನ್ ಶಾರ್ಕೋ. ಅದು 1868ರ ಮಾತು. ನಮ್ಮ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲೆ, ವಿದ್ಯುತ್ ತಂತಿಯ ಮೇಲಿನ ರಬ್ಬರಿನಂತೆ, ಮಯಲಿನ್ ಎಂಬ ಹೊದಿಕೆಯಿದೆ. ಸೋಂಕುಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಈ ಹೊದಿಕೆಯನ್ನು ಹಾಳುಗೆಡಹುತ್ತದೆ. ಅಲ್ಲಲ್ಲಿ ಗಾಯದ ಕಲೆಗಳಾಗಿ, ಮಿದುಳಿನ ಆಜ್ಞೆಗಳು ಅಂಗಾಂಗಗಳಿಗೆ ಸರಿಯಾಗಿ ತಲುಪುವುದಿಲ್ಲ. ಯಾವ ಜಾಗದ ನರಕ್ಕೆ ಪೆಟ್ಟು ಬಿದ್ದಿದೆಯೋ ಅದಕ್ಕೆ ತಕ್ಕಂತೆ ಒಬ್ಬರಿಗೆ ಕಣ್ಣು ಮಂಜಾಗುತ್ತದೆ, ಇನ್ನೊಬ್ಬರಿಗೆ ಕಾಲು ಜೋಮು ಹಿಡಿಯುತ್ತದೆ, ಮತ್ತೊಬ್ಬರಿಗೆ ಮೂತ್ರದ ಹತೋಟಿ ತಪ್ಪುತ್ತದೆ. ವಿಪರೀತ ಆಯಾಸ ಬಹುಮಂದಿಯನ್ನು ಕಾಡುತ್ತದೆ. ಈ ಆಯಾಸ ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ. ಸೋಮಾರಿತನದ ಆರೋಪ ಹುಟ್ಟುವುದು ಇಲ್ಲಿಯೇ. ಮೈಯ ಬಿಸಿ ಏರಿದರೆ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುವುದರಿಂದ ಬೇಸಿಗೆಯ ದಿನಗಳು ಅನೇಕರಿಗೆ ವಿಶೇಷ ಕಷ್ಟದವು.

ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಮಂದಿ ಈ ರೋಗದೊಡನೆ ಬದುಕುತ್ತಿದ್ದಾರೆಂದು ಅಂದಾಜು. ಸಾಮಾನ್ಯವಾಗಿ 20ರಿಂದ 40ರ ನಡುವಿನ ವಯಸ್ಸಿನಲ್ಲಿ ಇದು ತಲೆದೋರುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಓದು ಮುಗಿಸಿ ಉದ್ಯೋಗ ಹಿಡಿಯುವ, ವಿವಾಹವಾಗುವ, ಮಕ್ಕಳನ್ನು ಬೆಳೆಸುವ ಕಾಲದಲ್ಲೇ ಬಂದೆರಗುವುದರಿಂದ ಇಡೀ ಕುಟುಂಬವೇ ತತ್ತರಿಸುತ್ತದೆ. ಇದು ಅಂಟುರೋಗವಲ್ಲ. ಎಪ್‌ಸ್ಟೀನ್ ಬಾರ್ ಎಂಬ ಸಾಮಾನ್ಯ ವೈರಾಣುವಿನ ಸೋಂಕಿಗೂ ಈ ರೋಗಕ್ಕೂ ನಿಕಟ ಸಂಬಂಧವಿದೆಯೆಂದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಆ ವೈರಾಣು ಬಹುತೇಕ ಎಲ್ಲರ ದೇಹದಲ್ಲೂ ಇರುತ್ತದೆ. ಕೆಲವೇ ಮಂದಿಗೆ ಮಾತ್ರ ಈ ರೋಗ ಬರುವುದರಿಂದ ಬೇರೆ ಕಾರಣಗಳೂ ಕೂಡಿಕೊಳ್ಳುತ್ತವೆಂಬುದು ಸ್ಪಷ್ಟ.

ಲಿಡ್ವಿನಾಳ ಕಾಲದಲ್ಲಿ ಇಲ್ಲದಿದ್ದ ಸಾಧನಗಳು ಇಂದು ನಮಗುಂಟು. ಎಂ.ಆರ್.ಐ. ಪರೀಕ್ಷೆಯಿಂದ ಮಿದುಳಿನ ಕಲೆಗಳನ್ನು ಕಾಣಬಹುದು. ರೋಗ ಉಲ್ಬಣಿಸಿದಾಗ ಸ್ಟೀರಾಯ್ಡ್ ಔಷಧ ನೆರವಾಗುತ್ತದೆ. ಮರುಕಳಿಸುವುದನ್ನು ತಗ್ಗಿಸುವ ಮೊದಲ ಇಂಟರ್‌ಫೆರಾನ್ ಔಷಧಕ್ಕೆ 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅಂದಿನಿಂದ ಇನ್ನೂ ಪರಿಣಾಮಕಾರಿಯಾದ ಹಲವು ಔಷಧಗಳು ಬಂದಿವೆ. ಪೂರ್ಣವಾಗಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ಬೇಗನೆ ಚಿಕಿತ್ಸೆ ಆರಂಭಿಸಿದ ಅನೇಕರು ಬಹುಕಾಲ ನಡೆದಾಡಿಕೊಂಡು, ದುಡಿದುಕೊಂಡು, ಮಕ್ಕಳನ್ನು ಹೆತ್ತು ಬೆಳೆಸಿಕೊಂಡು ಬಾಳುತ್ತಿದ್ದಾರೆ. ನಮ್ಮ ದೇಶದಲ್ಲಿ ಈ ರೋಗಿಗಳಿಗಾಗಿ ದುಡಿಯುವ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ 1985ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನಲ್ಲೂ ಅದರ ಶಾಖೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಇದೂ ಒಂದು. ಶೇಕಡ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿದೆಯೆಂದು ಪ್ರಮಾಣಪತ್ರ ಪಡೆದವರಿಗೆ ಕಾಯಿದೆಯ ವಿಶೇಷ ಸೌಲಭ್ಯಗಳು ದೊರೆಯುತ್ತವೆ.

ನಮ್ಮ ಮನೆಗಳಿಗೆ ಒಂದು ಮಾತು

ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲವೆಂದು ಕೇಳಿದಾಗ, ಆತನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲ ಎಂದು ಯೇಸುಸ್ವಾಮಿ ಸ್ಪಷ್ಟವಾಗಿ ತಿಳಿಸಿದರು. ಹೀಗಿದ್ದರೂ ನಮ್ಮ ಕುಟುಂಬಗಳಲ್ಲಿ ಇಂತಹ ಕಾಯಿಲೆಯನ್ನು ಮುಚ್ಚಿಡುವುದುಂಟು. ಮಗಳ ಸಂಬಂಧ ತಪ್ಪೀತೆಂಬ ಭಯ, ಊರವರ ಬಾಯಿಗೆ ಬೀಳುವ ನಾಚಿಕೆ. ಪ್ರಾರ್ಥನೆಯೊಂದೇ ಸಾಕೆಂದು ಔಷಧವನ್ನು ನಿಲ್ಲಿಸುವವರೂ ಉಂಟು. ದಿನವಿಡೀ ಧ್ಯಾನದಲ್ಲಿದ್ದ ಲಿಡ್ವಿನಾಳೇ ವೈದ್ಯನಿಗೆ ಬಾಗಿಲು ತೆರೆದಳು. ಪ್ರಾರ್ಥನೆಗೂ ಔಷಧಕ್ಕೂ ಜಗಳವಿಲ್ಲ.

ರೋಗಿಯ ಬಳಿಗೆ ಹೋದಾಗ ಸಹಿಸಿಕೊಳ್ಳಿರೆಂದು ಉಪದೇಶಿಸುವ ಮುನ್ನ ಯಾನ್ ಪಾಟ್ ಗುರುಗಳನ್ನು ನೆನೆಯೋಣ. ಅವರು ಒಮ್ಮೆ ಬಂದು ಹೋದವರಲ್ಲ. ವರ್ಷಾನುವರ್ಷ ಬಂದವರು, ಕಣ್ಣೀರಿಗೆ ಬೇಸರಪಡದವರು. ಅತ್ತುದಕ್ಕಾಗಿ ಯಾರೂ ಸಂತತನವನ್ನು ಕಳೆದುಕೊಳ್ಳುವುದಿಲ್ಲ. ಹಗಲಿರುಳು ಸೇವೆ ಮಾಡುವ ಪೆಟ್ರೊನಿಲ್ಲಾಗಳು ನಮ್ಮ ಬೀದಿಗಳಲ್ಲೂ ಇದ್ದಾರೆ. ಅವರಿಗೆ ಒಂದು ಭಾನುವಾರದ ಬಲಿಪೂಜೆಗಾದರೂ ನೆಮ್ಮದಿಯಾಗಿ ಹೋಗಿಬರಲು ಬಿಡುವಾಗುವಂತೆ, ಆ ಎರಡು ಗಂಟೆ ರೋಗಿಯ ಪಕ್ಕದಲ್ಲಿ ಕುಳಿತುಕೊಳ್ಳುವುದು ನೆರೆಯವರಾದ ನಮ್ಮಿಂದ ಸಾಧ್ಯ. ದೇವಾಲಯದ ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿ ಏರಲು ಇಳಿಜಾರೊಂದನ್ನು ಕಟ್ಟಿಸುವುದು ಧರ್ಮಕೇಂದ್ರದ ಪಾಲನಾ ಸಮಿತಿಗಳಿಂದ ಸಾಧ್ಯ.

ಪರಮಪೂಜ್ಯ ಎರಡನೆಯ ಜಾನ್ ಪೌಲರು 1992ರಲ್ಲಿ ಘೋಷಿಸಿದ ವಿಶ್ವ ವ್ಯಾಧಿಸ್ಥರ ದಿನವನ್ನು ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದುಮಾತೆಯ ಹಬ್ಬದಲ್ಲಿ ಆಚರಿಸುತ್ತೇವೆ. ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರವು ಸಾಯುವವರಿಗೆ ಮಾತ್ರ ಮೀಸಲಾದುದಲ್ಲ. ಇಂತಹ ದೀರ್ಘ ಕಾಯಿಲೆಯವರಿಗೂ ಅದು ಬಲ ಕೊಡುವ ಸಂಸ್ಕಾರ. ಹಾಸಿಗೆಯಲ್ಲಿರುವ ನಮ್ಮ ಸಹೋದರ ಸಹೋದರಿಯರು ಧರ್ಮಸಭೆಯ ಅಂಚಿನಲ್ಲಿರುವವರೆಂದು ತಿಳಿಯದಿರೋಣ. ಕತ್ತಲ ಕೋಣೆಯಲ್ಲಿ ಎಡಗೈಯೊಂದನ್ನೇ ಆಡಿಸಬಲ್ಲವಳಾಗಿದ್ದ ಲಿಡ್ವಿನಾ ಒಂದು ಊರಿನ ಬಡವರನ್ನೆಲ್ಲ ಪೊರೆದಳು, ಒಡೆದ ಧರ್ಮಸಭೆಗಾಗಿ ಬೇಡಿಕೊಂಡಳು. ಬಹುಕಾಲದ ವ್ಯಾಧಿಯಿಂದ ಬಳಲುವ ಎಲ್ಲರಿಗಾಗಿಯೂ ಅವರನ್ನು ಆರೈಕೆ ಮಾಡುವ ಕೈಗಳಿಗಾಗಿಯೂ ಸಂತ ಲಿಡ್ವಿನಮ್ಮನವರು ದೇವರಲ್ಲಿ ಪ್ರಾರ್ಥಿಸಲಿ.